ಮನುಷ್ಯಋಣ

ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ, ಎಂದರೆ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಆವರಣದಲ್ಲಿ, ಗಣಕವಿಜ್ಞಾನವನ್ನು ವ್ಯಾಸಂಗಮಾಡಿ ಬೆಂಗಳೂರಿನ ಕಂಪನಿಗಳಿಗೆ ಹೊರಡುವ ತರುಣರಲ್ಲಿ ಭದ್ರಾವತಿಯ ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ. ತಂದೆಯ ಕಾಲಕ್ಕೆ ಊರಿನ ಕೆಲಸ ಹೋಯಿತು. ಮಗನ ಕಾಲಕ್ಕೆ ಇನ್ನಾರದೋ ಊರಿನ ಕೆಲಸ ಬಂದಿತು. ಹೋದ ಕೆಲಸಕ್ಕಾಗಿ ದುಃಖಿಸುವ ಅಧಿಕಾರ ನಮಗುಂಟೆಂದಾದರೆ, ಬಂದ ಕೆಲಸವನ್ನು ಕಳೆದುಕೊಂಡು ದುಃಖಿಸುತ್ತಿರುವವರ ವಿಷಯದಲ್ಲಿ ನಮಗೆ ಯಾವ ಹೊಣೆಯೂ ಇಲ್ಲವೆ? ಅರ್ಥಶಾಸ್ತ್ರಜ್ಞರ ಕೈಯಲ್ಲಿ ಬಹುಕಾಲದಿಂದ ಇರುವ ಈ ಪ್ರಶ್ನೆ ವಾಸ್ತವವಾಗಿ ಧರ್ಮಜಿಜ್ಞಾಸೆಗೆ ಸೇರಿದ್ದು.

ಭದ್ರಾವತಿಯ ಕಥೆ ಓದುಗರಿಗೆ ತಿಳಿಯದುದೇನೂ ಅಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಬೀಡುಕಬ್ಬಿಣವನ್ನು ಹೊರತರಲಾರಂಭಿಸಿದ ಮೈಸೂರು ಸಂಸ್ಥಾನದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು, 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನಗೊಂಡು, 2023ರ ಜನವರಿಯಲ್ಲಿ ಮುಚ್ಚತಕ್ಕದ್ದೆಂಬ ನಿರ್ಣಯಕ್ಕೆ ಗುರಿಯಾಯಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ ನಿಂತಿದ್ದವು. ಉಕ್ಕಿನ ಕಾರ್ಖಾನೆಗಾಗಿ ಬೀದಿಗಿಳಿದವರಲ್ಲಿ ಮುಂದಾಗಿ ನಿಂತವರು ಗುತ್ತಿಗೆ ಕಾರ್ಮಿಕರು. ಅದೇ ಗೇಟಿನೊಳಗೆ ಅದೇ ಕುಲುಮೆಯ ಮುಂದೆ ದುಡಿದರೂ ಕಾಗದಪತ್ರದಲ್ಲಿ ಇನ್ನೊಬ್ಬ ಯಜಮಾನನ ಆಳುಗಳಾಗಿದ್ದ ಇವರನ್ನು ನೆನೆದಾಗ, ಹೊರಗುತ್ತಿಗೆಯೆಂಬುದು ಸಮುದ್ರವನ್ನು ದಾಟುವ ಮುನ್ನವೇ ನಮ್ಮ ಹೊಸ್ತಿಲನ್ನು ದಾಟಿತ್ತೆಂಬುದು ಸ್ಪಷ್ಟವಾಗುತ್ತದೆ.

ಸಮುದ್ರದಾಚೆಯಿಂದ ಬಂದ ಕೆಲಸದ ರೀತಿ ಬೇರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಾಗ ಅದನ್ನು ಅಪಹರಣವೆಂದು ಯಾರೂ ಭಾವಿಸಲಿಲ್ಲ. ಶತಮಾನದ ಕೊನೆಗೆ ಗಣಕಗಳ ಇಸವಿಯನ್ನು ತಿದ್ದುವ ಕೆಲಸ ರಾಶಿರಾಶಿಯಾಗಿ ಬಂದಿತು. ಅಲ್ಲಿಯ ಸಂಬಳಕ್ಕೂ ಇಲ್ಲಿಯ ಸಂಬಳಕ್ಕೂ ಇದ್ದ ಅಂತರವೇ ವ್ಯಾಪಾರದ ಮೂಲಧನವಾಯಿತು. 2004ರ ಅಮೆರಿಕದ ಚುನಾವಣೆಯ ಹೊತ್ತಿಗೆ, ನೌಕರಿ ಕಳೆದುಕೊಂಡವನನ್ನು ಕುರಿತು ಹೇಳಲು ಅಲ್ಲಿಯ ಜನ ನಮ್ಮ ರಾಜಧಾನಿಯ ಹೆಸರನ್ನೇ ಕ್ರಿಯಾಪದವಾಗಿ ಬಳಸತೊಡಗಿದ್ದರು. ನಮ್ಮ ಹುಡುಗರು 'ಕೆಟಿ' ಎಂದು ಕರೆಯುವ ವಿಧಿಯೊಂದುಂಟು: ಹೋಗತಕ್ಕವನು ಬರತಕ್ಕವನಿಗೆ ಕೆಲಸದ ಮರ್ಮವನ್ನೆಲ್ಲ ಒಪ್ಪಿಸುವುದು. ಫ್ಲಾರಿಡಾದ ಡಿಸ್ನಿ ಸಂಸ್ಥೆಯಿಂದ ಬಿಡುಗಡೆಗೊಂಡ ನೌಕರರು, ತಾತ್ಕಾಲಿಕ ವೀಸಾದ ಮೇಲೆ ಬಂದ ಭಾರತೀಯರಿಗೆ ತಮ್ಮ ಕೆಲಸವನ್ನು ತಾವೇ ಕಲಿಸಿಕೊಟ್ಟು ಹೊರನಡೆಯಬೇಕಾಯಿತೆಂಬ ಸಂಗತಿ 2015ರಲ್ಲಿ ಲೋಕಕ್ಕೆ ತಿಳಿದಾಗ, ಕಲಿತವನ ಮನಸ್ಸಿನಲ್ಲಿ ಏನು ನಡೆದಿದ್ದಿರಬಹುದೆಂದು ನಮ್ಮಲ್ಲಿ ಕೇಳಿದವರು ವಿರಳ. ಕಲಿಸಿದವನು ಗುರು. ಗುರುದಕ್ಷಿಣೆಯಾಗಿ ಅವನಿಗೆ ದೊರೆತದ್ದು ನಿರುದ್ಯೋಗ.

ಇದಕ್ಕೆ ಸಿದ್ಧವಾಗಿರುವ ಸಮಾಧಾನಗಳು ಎರಡು. ಅವರವರ ಕರ್ಮ ಅವರವರಿಗೆ ಎಂಬುದೊಂದು. ಇದು ಕರ್ಮಸಿದ್ಧಾಂತದ ದುರುಪಯೋಗ. ತನ್ನ ಕಷ್ಟಕ್ಕೆ ತಾನು ಹೇಳಿಕೊಂಡರೆ ಧೈರ್ಯವಾಗುವ ಆ ಮಾತು ಪರರ ಕಷ್ಟಕ್ಕೆ ಹೇಳಿದಾಗ ನಿಷ್ಕಾರುಣ್ಯವಾಗುತ್ತದೆ. ಎರಡನೆಯದು, ನಾವು ಕದಿಯಲಿಲ್ಲ, ಕೊಟ್ಟರು, ತೆಗೆದುಕೊಂಡೆವು ಎಂಬುದು. ಇದು ಸತ್ಯ. ಎರಡು ಶತಮಾನ ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಪಶ್ಚಿಮ ದೇಶಗಳು ಇಂದು ನ್ಯಾಯವನ್ನು ಬೋಧಿಸುವುದು ಹಾಸ್ಯಾಸ್ಪದವೆಂಬುದೂ ಸತ್ಯವೇ. ಆದರೆ ಕಳವು ಅಲ್ಲದ್ದೆಲ್ಲ ನಿರ್ದೋಷವೆಂದಾಗಲಿ, ದೋಷವಿಲ್ಲದ ಕಡೆ ಹೊಣೆಯೂ ಇಲ್ಲವೆಂದಾಗಲಿ ಯಾರು ಹೇಳಿದರು?

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಇಲ್ಲಿ ಸ್ಮರಿಸಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲ್ಲದೆ, ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳಂತೆ. ಆ ಅಕ್ಕಿಗೆ ಒಡೆಯನಿರಲಿಲ್ಲ, ಮಾರಯ್ಯ ಯಾರ ಕೈಯಿಂದಲೂ ಕಿತ್ತುಕೊಂಡಿರಲಿಲ್ಲ. ಲೋಕದ ನ್ಯಾಯಾಲಯವಾವುದೂ ಅವನನ್ನು ದಂಡಿಸುವಂತಿರಲಿಲ್ಲ. ಲಕ್ಕಮ್ಮನ ನ್ಯಾಯಾಲಯ ಬೇರೆ. ಅಕ್ಕಿ ಎಲ್ಲಿಂದ, ಏಕೆ ಹೆಚ್ಚಾಗಿ ಚೆಲ್ಲಿತೆಂದು ಅವಳು ವಿಚಾರಿಸಿದಳು. ಶರಣರ ಕಾಯಕತತ್ತ್ವವನ್ನು ಕಂಪನಿಗಳ ಗೋಡೆಯ ಮೇಲೆ ದುಡಿಮೆಯ ಘೋಷವಾಕ್ಯವಾಗಿ ತೂಗುಹಾಕುವವರು ಆ ವಿಚಾರಣೆಯನ್ನು ಮಾತ್ರ ಕೈಬಿಟ್ಟಿದ್ದಾರೆ.

ವೈದಿಕ ಪರಂಪರೆಯಲ್ಲಿಯೂ ಇದಕ್ಕೆ ಸಮೀಪದ ವಿಚಾರವೊಂದಿದೆ. ತೈತ್ತಿರೀಯ ಸಂಹಿತೆ ಹುಟ್ಟಿನೊಡನೆ ಬರುವ ಮೂರು ಋಣಗಳನ್ನು, ದೇವ, ಋಷಿ, ಪಿತೃಗಳದ್ದನ್ನು, ಹೇಳಿದರೆ, ಶತಪಥ ಬ್ರಾಹ್ಮಣ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸುತ್ತದೆ. ಈ ಋಣಗಳು ಪಾಪದಿಂದ ಹುಟ್ಟಿದುವಲ್ಲ. ಏನನ್ನೂ ಮಾಡದ ಶಿಶುವೂ ಋಣಿ. ಇವುಗಳನ್ನು ತೀರಿಸುವ ಬಗೆಯೂ ವಿಲಕ್ಷಣವಾದುದು: ಋಷಿಗಳಿಗೆ ಸಲ್ಲಬೇಕಾದುದು ಅಧ್ಯಯನದಿಂದ ಸಲ್ಲುತ್ತದೆ, ಪಿತೃಗಳಿಗೆ ಸಲ್ಲಬೇಕಾದುದು ಸಂತಾನದಿಂದ, ಮನುಷ್ಯರಿಗೆ ಸಲ್ಲಬೇಕಾದುದು ಮನೆಗೆ ಬಂದವರಿಗಿತ್ತ ಅನ್ನದಿಂದ, ಆಶ್ರಯದಿಂದ. ಆದುದರಿಂದ ಫ್ಲಾರಿಡಾದ ಅಪರಿಚಿತನಿಗೆ ಹಣ ಕಳುಹಿಸಬೇಕೆಂದಾಗಲಿ ಕೆಲಸವನ್ನು ಬಿಟ್ಟುಕೊಡಬೇಕೆಂದಾಗಲಿ ನಾನು ಹೇಳುತ್ತಿಲ್ಲ. ಪಡೆದವನು ತನಗಿಂತ ದುರ್ಬಲನಾಗಿ ತನ್ನ ಬಳಿ ನಿಂತವನಿಗೆ ಆ ಋಣವನ್ನು ಸಲ್ಲಿಸಬೇಕು, ಅಷ್ಟೆ.

ಬಳಿಯಲ್ಲಿ ನಿಂತವರು ಯಾರೆಂದು ಹುಡುಕಬೇಕಾಗಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ಸಂಸ್ಥೆ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಕಂಪನಿಯೊಳಗೆ ಕೆಲಸ ದೊರೆಯದೆ 'ಬೆಂಚಿನ ಮೇಲೆ' ಕಾಯುವ ಹುಡುಗನೂ, ಅದೇ ಕಟ್ಟಡದ ನೆಲವನ್ನು ಒರೆಸುವ ಗುತ್ತಿಗೆಯ ಹೆಂಗಸೂ ಈಗ ಭದ್ರಾವತಿಯ ಗುತ್ತಿಗೆ ಕಾರ್ಮಿಕನ ಪಂಕ್ತಿಗೆ ಸೇರಿದವರೇ. ನೌಕರಿಯ ಷರತ್ತುಗಳನ್ನು, ತೆಗೆದುಹಾಕುವ ಕ್ರಮವನ್ನೂ ಒಳಗೊಂಡಂತೆ, ಮಾಲೀಕನು ಮೊದಲೇ ಲಿಖಿತವಾಗಿ ನಿಗದಿಪಡಿಸಬೇಕೆಂದು 1946ರಷ್ಟು ಹಿಂದೆಯೇ ಸ್ಥಾಯೀ ಆದೇಶಗಳ ಕಾಯ್ದೆ ವಿಧಿಸಿತ್ತು. ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಅದರಿಂದ ವಿನಾಯಿತಿ ನೀಡುತ್ತ ಬಂದ ಕರ್ನಾಟಕ ಸರ್ಕಾರ, 2024ರಲ್ಲಿ ಆ ವಿನಾಯಿತಿಯನ್ನು ಮತ್ತೆ ಐದು ವರ್ಷಗಳಿಗೆ ವಿಸ್ತರಿಸಿತು. ಶಂಕರಘಟ್ಟದಿಂದ ಹೊರಟು ಇಂದು ಆ ಕಂಪನಿಗಳಲ್ಲಿ ಮೇಲಿನ ಸ್ಥಾನಗಳನ್ನು ಅಲಂಕರಿಸಿರುವವರು, ವಿನಾಯಿತಿಯನ್ನು ಬೇಡುವ ಮನವಿಗಳಿಗೆ ಮುಂದಿನ ಸಲ ತಮ್ಮ ಸಮ್ಮತಿಯನ್ನು ಕೊಡದಿರಲಿ.