ಭೋಗೋಪಭೋಗ ಪರಿಮಾಣದಲ್ಲಿ ವಾಹನದ ಸ್ಥಾನ

ಶ್ರಾವಕನ ಮೂರು ಗುಣವ್ರತಗಳಲ್ಲಿ ಒಂದಾದ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಯಮಕ್ಕೆ ಒಳಪಡಬೇಕಾದ ವಿಷಯಗಳ ಒಂದು ಪಟ್ಟಿಯನ್ನೇ ಕೊಟ್ಟಿರುವರು. ಅದರಲ್ಲಿ ಮೊದಲನೆಯದು ಭೋಜನ, ಎರಡನೆಯದು ವಾಹನ. ಶಯನ, ಸ್ನಾನ, ಪುಷ್ಪ, ತಾಂಬೂಲ, ವಸ್ತ್ರ, ಆಭರಣ, ಗೀತಾದಿಗಳು ಅನಂತರ ಬರುತ್ತವೆ. ಭೋಜನದ ವಿಷಯದಲ್ಲಿ ನಮ್ಮ ಮನೆಗಳ ಜಾಗರೂಕತೆ ಲೋಕವಿದಿತವಾದದ್ದು. ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಗಳಂದು ಹಸಿರು ಕಾಯಿಪಲ್ಯಗಳ ತ್ಯಾಗ, ಗೆಡ್ಡೆಗೆಣಸುಗಳ ವರ್ಜನ, ನೀರು ಸೋಸುವ ಬಟ್ಟೆ, ಇವುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಶ್ಲೋಕದಲ್ಲಿ ಭೋಜನದ ಮಗ್ಗುಲಲ್ಲಿಯೇ ಕುಳಿತಿರುವ ವಾಹನಕ್ಕೆ ‘ಇಂದು ಇಷ್ಟು’ ಎಂದು ಮಿತಿಯಿಟ್ಟವರನ್ನು ಹುಡುಕಬೇಕಾಗಿದೆ.

ಆಚಾರ್ಯರ ಕಾಲದ ವಾಹನವೆಂದರೆ ಆನೆ, ಕುದುರೆ, ಪಲ್ಲಕ್ಕಿ, ಎತ್ತಿನ ಬಂಡಿ. ಪರಿಗ್ರಹ ಪರಿಮಾಣ ವ್ರತಕ್ಕೆ ಅವರು ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ‘ಅತಿವಾಹನ’, ಅಂದರೆ ಲಾಭದ ಆಸೆಯಿಂದ ಪ್ರಾಣಿಗಳನ್ನು ಅವುಗಳ ಶಕ್ತಿ ಮೀರಿ ಓಡಿಸುವುದು. ಕೊನೆಯದು ಅತಿಭಾರವಹನ. ಇಂದಿನ ವಾಹನಕ್ಕೆ ಎತ್ತನ್ನು ಹೂಡುವುದಿಲ್ಲ, ಬಾರುಕೋಲು ಬೀಸುವುದಿಲ್ಲ. ಆದ್ದರಿಂದ ಯಂತ್ರವಾಹನವು ಹಿಂದಿನದಕ್ಕಿಂತ ಅಹಿಂಸಾತ್ಮಕವೇ ಆಯಿತಲ್ಲವೇ ಎಂದು ವಿದ್ಯಾವಂತ ತರುಣರು ಕೇಳುವುದುಂಟು. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ಎತ್ತಿನ ನೋವು ತಪ್ಪಿದ್ದು ನಿಜ. ಆದರೆ ಯಂತ್ರದ ಹೊಟ್ಟೆಯಲ್ಲಿ ನಿರಂತರವಾಗಿ ಉರಿಯುವುದು ಅಗ್ನಿ. ಅದು ನುಂಗುವುದು ವಾಯುವನ್ನು. ತೇಜಸ್ಕಾಯಿಕ, ವಾಯುಕಾಯಿಕ ಜೀವಗಳ ಮಾತನ್ನು ಸೂಕ್ಷ್ಮವೆಂದು ಬದಿಗಿಟ್ಟರೂ, ರಾತ್ರಿಯ ಪ್ರಯಾಣ ಮುಗಿಸಿ ಬಂದ ಕಾರಿನ ಮುಂಗಾಜನ್ನು ಒರೆಸುವವನಿಗೆ ತ್ರಸಜೀವಿಗಳ ಲೆಕ್ಕ ಕಣ್ಣಿಗೇ ಕಾಣುತ್ತದೆ. ಇನ್ನು ರಸ್ತೆಯ ಅಂಚಿನಲ್ಲಿ ಆ ಹೊಗೆಯನ್ನು ಉಸಿರಾಡುವ ಸಂಜ್ಞಿ ಪಂಚೇಂದ್ರಿಯ ಜೀವಿಯಂತೂ ನೆರೆಮನೆಯವನೇ.

ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಚಾರವನ್ನು ನೋಡುವುದು ಉಚಿತ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಿವು. ಚಳ್ಳಕೆರೆಯೆಂದರೆ ಕಡಲೆಕಾಯಿ, ಎಣ್ಣೆಯ ಗಿರಣಿಗಳು, ಕುರಿ ಮತ್ತು ಕಂಬಳಿ; ಮೊಳಕಾಲ್ಮೂರೆಂದರೆ ರೇಷ್ಮೆ ಸೀರೆಯ ಮಗ್ಗಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದ್ದು, ತಾಯ್ತಂದೆಗಳ ಸೇವೆ ಮತ್ತು ಸತ್ಯವಾಕ್ಯದೊಡನೆ ಪ್ರಾಣಿಗಳಲ್ಲಿ ದಯೆಯೂ ಅಲ್ಲಿ ವಿಧಿಸಲ್ಪಟ್ಟಿದೆ. ಚಳ್ಳಕೆರೆಯ ಸುತ್ತಣ ನೆಲ ಬಹುಮಟ್ಟಿಗೆ ಬಯಲು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಒಂದು ತಲೆಮಾರಿನ ಹಿಂದೆ ಅಂಗಡಿಯ ಗುಮಾಸ್ತನೂ, ಶಾಲೆಯ ಉಪಾಧ್ಯಾಯನೂ, ಹಾಲು ಮಾರುವವನೂ ಸೈಕಲ್ಲಿನಲ್ಲಿಯೇ ಓಡಾಡುತ್ತಿದ್ದರು. ಚಿತ್ರದುರ್ಗ ಇಲ್ಲಿಂದ ಸುಮಾರು 30 ಕಿ.ಮೀ.; ಬಸ್ಸುಗಳುಂಟು. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗಗಳ ಮೂಲಕ ಬಳ್ಳಾರಿಯ ಕಡೆಗೆ ಸಾಗುವ ರೈಲು ಮಾರ್ಗವೂ ಉಂಟು, ಗಾಡಿಗಳು ಮಾತ್ರ ಕೆಲವೇ. ಸಾಧನ ಇಲ್ಲವೆಂಬ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಅನರ್ಥದಂಡದ ಐದು ಭೇದಗಳಲ್ಲಿ ‘ಪ್ರಮಾದಚರ್ಯೆ’ ಒಂದು. ಪ್ರಯೋಜನವಿಲ್ಲದೆ ಮಣ್ಣು, ನೀರು, ಬೆಂಕಿ, ಗಾಳಿಗಳನ್ನು ಕಲಕುವುದು, ಗಿಡವನ್ನು ಕೊಯ್ಯುವುದು ಇದರಲ್ಲಿ ಸೇರಿವೆ. ಇವುಗಳ ಜೊತೆಗೆ ಆಚಾರ್ಯರು ಇನ್ನೆರಡನ್ನು ಹೇಳಿರುವರು: ಸರಣ ಮತ್ತು ಸಾರಣ. ಸರಣವೆಂದರೆ ತಾನು ವ್ಯರ್ಥವಾಗಿ ತಿರುಗುವುದು. ಸಾರಣವೆಂದರೆ ಇತರರನ್ನು ತಿರುಗಿಸುವುದು. ಒಂದು ಕಟ್ಟು ಕೊತ್ತಂಬರಿಗಾಗಿ ಮಗನನ್ನು ಮೋಟಾರು ಸೈಕಲ್ಲಿನಲ್ಲಿ ಸಂತೆಪೇಟೆಗೆ ಅಟ್ಟಿ, ಅವನು ಮರಳಿದ ಮೇಲೆ ಕರಿಬೇವು ಮರೆತೆವೆಂದು ಪುನಃ ಅಟ್ಟುವ ಮನೆಯಲ್ಲಿ ಸಾರಣವೆಂದರೇನೆಂದು ವ್ಯಾಖ್ಯಾನ ಮಾಡಬೇಕಾಗಿಲ್ಲ. ದೇಶವ್ರತದ ಅತಿಚಾರಗಳೂ ಇದನ್ನೇ ತೋರಿಸುತ್ತವೆ. ತಾನು ಗೆರೆ ದಾಟದೆ ಕುಳಿತು ಆಳನ್ನು ಗೆರೆಯಾಚೆ ಕಳಿಸಿದರೆ ಅದು ಪ್ರೇಷ್ಯಪ್ರಯೋಗ. ಅಲ್ಲಿಂದ ವಸ್ತುವನ್ನು ತರಿಸಿಕೊಂಡರೆ ಆನಯನ. ಮನೆಯಲ್ಲಿ ಕುಳಿತು ದೂರವಾಣಿಯಲ್ಲಿ ಬೆರಳೊತ್ತಿ ದಿನಕ್ಕೆ ಮೂರು ಬಾರಿ ಮೂರು ಸಾಮಾನು ತರಿಸಿಕೊಳ್ಳುವವನು ತಾನು ಎಲ್ಲಿಗೂ ಹೋಗಲಿಲ್ಲವೆಂದು ಸಮಾಧಾನ ಪಡುವಂತಿಲ್ಲ.

ಇಷ್ಟರಿಂದ ಸೈಕಲ್ಲು ಮತ್ತು ಬಸ್ಸು ನಿರ್ದೋಷವೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನ. ಸೈಕಲ್ಲಿನ ಗಾಲಿಗೂ ಇರುವೆ ಸಿಕ್ಕುತ್ತದೆ. ಮುನಿಗಳ ಈರ್ಯಾಸಮಿತಿಯು ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವುದನ್ನು ಹೇಳುತ್ತದೆ. ಗೃಹಸ್ಥನಿಗೆ ಅದು ಪೂರ್ಣವಾಗಿ ಸಾಧ್ಯವಲ್ಲ. ಆದರೂ ವೇಗ ಕಡಿಮೆಯಾದಷ್ಟೂ ಕಣ್ಣಿಗೆ ನೆಲ ಕಾಣುತ್ತದೆ, ಕಾಲೂರಿ ನಿಲ್ಲುವುದಕ್ಕೆ ಅವಕಾಶವಿರುತ್ತದೆ. ಬಸ್ಸಿನ ವಿಷಯ ಇನ್ನಷ್ಟು ಜಟಿಲ. ಐವತ್ತು ಮಂದಿ ಕುಳಿತ ಬಸ್ಸಿನಲ್ಲಿ ಆದ ಹಿಂಸೆಯ ಐವತ್ತನೆಯ ಒಂದು ಪಾಲು ಮಾತ್ರ ತನ್ನದೆಂದು ಕೆಲವರು ಲೆಕ್ಕ ಹಾಕುತ್ತಾರೆ. ಇದು ಅಂಗಡಿಯ ಲೆಕ್ಕ, ಆಗಮದ ಲೆಕ್ಕವಲ್ಲ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದಯುಕ್ತವಾದ ಯೋಗದಿಂದ ಆಗುವ ಪ್ರಾಣವಿಯೋಗವೇ ಹಿಂಸೆ. ಕರ್ಮಬಂಧವು ಕಷಾಯದ ತೀವ್ರ ಮಂದತೆಯನ್ನು ಅನುಸರಿಸುತ್ತದೆಯೇ ಹೊರತು ತಲೆಯೆಣಿಕೆಯನ್ನಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಲ್ಲಿ ಬಸ್ಸಿನ ಪ್ರಯಾಣಿಕನು ಕೊನೆಯದರಲ್ಲಾದರೂ ನಿಂತಿರುತ್ತಾನೆ. ಹಾಗಾದರೆ ಬಸ್ಸಿನಿಂದ ಲಾಭವೇನು? ಆರಂಭವು ಒಟ್ಟಿನಲ್ಲಿ ತಗ್ಗುತ್ತದೆ, ಅದೊಂದು. ‘ಇದು ನನ್ನದು, ನನ್ನ ಇಚ್ಛೆ ಬಂದ ಕ್ಷಣ ಹೊರಡತಕ್ಕದ್ದು’ ಎಂಬ ಮಮತ್ವ ಸಡಿಲವಾಗುತ್ತದೆ, ಇದು ಅದಕ್ಕಿಂತ ದೊಡ್ಡದು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಕಾಯುವುದನ್ನು ತಪಸ್ಸೆಂದು ಯಾರೂ ಬರೆದಿಲ್ಲ. ಆದರೆ ಇಚ್ಛಾನಿರೋಧವು ಅಲ್ಲಿ ಆಗುತ್ತದೆ.

ಇಲ್ಲೊಂದು ಆಕ್ಷೇಪವಿದೆ. ಕೂಲಿಗೆ ಹೋಗುವ ಹೆಂಗಸು ದಿನವೂ ಬಸ್ಸಿನಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೋಗುತ್ತಾಳೆ. ಹಾಗಾದರೆ ಅವಳು ಯಾವ ದೊಡ್ಡ ವ್ರತಿ? ಉತ್ತರವು ಆಚಾರ್ಯರಲ್ಲಿಯೇ ಇದೆ. ಯೋಗ್ಯವಾದ, ತನಗೆ ಸಲ್ಲಬಹುದಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ಹಿಂದೆಗೆಯುವುದೇ ವ್ರತ. ಇಲ್ಲದವಳ ನಡಿಗೆ ವ್ರತವಲ್ಲ. ಅವಳಿಗೆ ಉಪದೇಶ ಮಾಡಹೊರಡುವುದು ಅಸಹ್ಯ. ಕಾರಿನ ಕೀಲಿಕೈ ಜೇಬಿನಲ್ಲಿರುವವನಿಗೇ ಈ ವ್ರತ ಅನ್ವಯಿಸುತ್ತದೆ. ಅವನಿಗೆ ಅಡ್ಡಬರುವುದು ಬಿಸಿಲಿಗಿಂತ ಹೆಚ್ಚಾಗಿ ಊರಿನ ಬಾಯಿ. ಎಣ್ಣೆ ವ್ಯಾಪಾರಿ ಸೈಕಲ್ಲು ಹತ್ತಿದರೆ ಮಂಡಿಯಲ್ಲಿ ಅವನ ಕೈ ಬಿಗಿಯಾಯಿತೆಂಬ ಗುಸುಗುಸು ಹುಟ್ಟಿ, ಸಾಲಕೊಡುವವರು ಹಿಂದೆಮುಂದೆ ನೋಡುವುದು ಕಟ್ಟುಕಥೆಯೇನಲ್ಲ. ಎಂಟು ಮದಗಳಲ್ಲಿ ಋದ್ಧಿಮದವನ್ನು ಬಿಡುವುದು ಅಂತರಂಗದ ಮಾತಾದರೂ ಅದರ ಬೆಲೆಯನ್ನು ಪೇಟೆಯಲ್ಲಿ ತೆರಬೇಕಾಗುತ್ತದೆ. ಒಬ್ಬೊಬ್ಬರೇ ತೆರಲಾಗದ ಈ ಬೆಲೆಯನ್ನು ಹತ್ತು ಮನೆಗಳವರು ಒಂದೇ ದಿನ ನಿಯಮ ತೆಗೆದುಕೊಂಡು ಹಂಚಿಕೊಳ್ಳಬಹುದು. ಆಗ ಊರು ಮಾತನಾಡಿದರೂ ದಿವಾಳಿಯ ಮಾತನ್ನಾಡಲಾರದು.

ಸಮುದಾಯದ ಪ್ರಯತ್ನಕ್ಕೆ ಅರ್ಥ ಬರುವುದು ಇಂಥಲ್ಲಿ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯೂ ಒಣಭೂಮಿಯೇ. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ಆಂದೋಲನದವರು ಅಕ್ಷರದ ಜೊತೆಗೆ ಸೈಕಲ್ಲು ಹೊಡೆಯುವುದನ್ನೂ ಕಲಿಸಿದರು. ಸಹಸ್ರಾರು ಗ್ರಾಮೀಣ ಹೆಂಗಸರು, ನಕ್ಕವರ ನಡುವೆಯೇ, ಕಲಿತರು. ಗಂಡಸಿನ ಅನುಕೂಲಕ್ಕಾಗಿ ಕಾಯದೆ ಅವರು ನೀರು ತಂದರು, ಸಂತೆಗೆ ಹೋದರು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೂ ಪ್ರೌಢಶಾಲೆಯ ದಾರಿ ಹತ್ತಿರವಾಯಿತು. 2020ರ ಸೋಂಕಿನ ಕಾಲದಲ್ಲಿ ವಿತರಣೆ ನಿಂತಿತು. ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಸೈಕಲ್ಲನ್ನು ಇಳಿಸಿ, ಬ್ರೇಕು ಸರಿಪಡಿಸಿ, ಓದುವ ಮಗುವಿಗೆ ಕೊಡುವುದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ಬಸ್ಸಿನದೂ ಹಾಗೆಯೇ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದೆ. ಆದರೆ ಚಿತ್ರದುರ್ಗ ಜಿಲ್ಲೆ ಬಹುಕಾಲದಿಂದ ಖಾಸಗಿ ಬಸ್ಸುಗಳ ಸೀಮೆ. ಆ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸದು. ಕೆಂಪು ಬಸ್ಸು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿಯವರೆಗೆ ಮಾತ್ರ ಹಳ್ಳಿಯ ಹೆಂಗಸಿನ ಟಿಕೆಟ್ಟು ಉಚಿತ. ಶಾಲೆಯ ವೇಳೆಗೆ, ಸಂತೆಯ ವೇಳೆಗೆ ಬಸ್ಸು ಬೇಕೆಂದು ಅರ್ಜಿ ಬರೆಯುವುದಕ್ಕೆ ಓದುಬರಹ ಬಲ್ಲವರು ಬೇಕು, ಅಧಿಕಾರಿಯ ಮುಂದೆ ನಿಲ್ಲುವುದಕ್ಕೆ ಊರಿನಲ್ಲಿ ಮಾತು ನಡೆಯುವವರು ಬೇಕು. ಅಂಥವರೆಲ್ಲ ತಮ್ಮ ಕಾರುಗಳಲ್ಲಿ ಹೊರಟುಹೋದ ಮೇಲೆ ಅರ್ಜಿ ಬರೆಯುವವರಾರು? ಉಳ್ಳವರು ಬಿಟ್ಟ ಬಸ್ಸಿನಲ್ಲಿ ಜನ ಕಡಿಮೆಯಾಗುತ್ತಾರೆ. ಜನ ಕಡಿಮೆಯಾದ ಬಸ್ಸನ್ನು ಖಾಸಗಿ ಮಾಲೀಕನು ನಿಲ್ಲಿಸುತ್ತಾನೆ. ನಿಂತ ಬಸ್ಸಿಗಾಗಿ ಮುದುಕಿಯೊಬ್ಬಳು ಆಸ್ಪತ್ರೆಗೆ ಹೋಗುವುದನ್ನು ನಾಳೆಗೆ ಮುಂದೂಡುತ್ತಾಳೆ. ಈ ಸರಪಣಿಯ ಮೊದಲ ಕೊಂಡಿ ನಮ್ಮ ಅಂಗಳದಲ್ಲಿ ನಿಂತಿರುವ ಕಾರು.

ವ್ರತವನ್ನು ಯಮವೆಂದೂ ನಿಯಮವೆಂದೂ ಎರಡಾಗಿ ವಿಭಾಗಿಸಲಾಗಿದೆ. ಯಾವಜ್ಜೀವ ಕೈಕೊಳ್ಳುವುದು ಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲಮಿತಿಯಿಂದ ಕೈಕೊಳ್ಳುವುದು ನಿಯಮ. ವಾಹನದ ವಿಷಯದಲ್ಲಿ ಗೃಹಸ್ಥನಿಗೆ ನಿಯಮವೇ ಸೂಕ್ತ. ಲೌಕಿಕರೂ ಇದನ್ನು ಕಂಡುಕೊಂಡಿರುವರು. ತೈಲದ ಅಭಾವ ತಲೆದೋರಿದಾಗ ನೆದರ್ಲೆಂಡ್ಸ್ ದೇಶವು 1973ರ ನವೆಂಬರ್ 4ರಿಂದ ಕೆಲವು ವಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಲ್ಲಿಸಿತ್ತು. ಬೆಂಗಳೂರಿನಲ್ಲಿ 2010ರಲ್ಲಿ ಪ್ರತಿ ತಿಂಗಳ 4ನೆಯ ತಾರೀಖನ್ನು ‘ಬಸ್ ದಿನ’ವೆಂದು ಆಚರಿಸಲು ತೊಡಗಿದರು, 2013ರಿಂದ ‘ಸೈಕಲ್ ದಿನ’ಗಳೂ ಬಂದವು. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ಲುಗಳ ‘ಟ್ರಿಣ್ ಟ್ರಿಣ್’ ವ್ಯವಸ್ಥೆ ಆರಂಭವಾಯಿತು. ತಾರೀಖನ್ನು ಗೊತ್ತುಮಾಡಿ ಭೋಗವನ್ನು ತಡೆಯುವ ಕ್ರಮವನ್ನು ಅಷ್ಟಮಿ ಚತುರ್ದಶಿಗಳನ್ನು ಆಚರಿಸುವ ಮನೆಗಳಿಗೆ ನಗರಸಭೆಯವರು ಬಂದು ಕಲಿಸಬೇಕೇ!

ಆದರೆ ಒಂದು ಎಚ್ಚರಿಕೆ ಅವಶ್ಯ. ವಾಹನನಿಯಮವನ್ನು ಉಪವಾಸದ ದಿನಕ್ಕೇ ಕಟ್ಟಿಹಾಕಬಾರದು. ನೀರನ್ನೂ ಬಿಟ್ಟವರು ಚೈತ್ರ ವೈಶಾಖಗಳ ಚಳ್ಳಕೆರೆಯ ಬಿಸಿಲಿನಲ್ಲಿ ಸೈಕಲ್ಲು ತುಳಿದರೆ ಅದು ವ್ರತದ ವೃದ್ಧಿಯಲ್ಲ, ವಿವೇಕದ ನಾಶ. ಪ್ರೋಷಧೋಪವಾಸದಂದು ಆರಂಭವನ್ನೇ ತ್ಯಜಿಸಿ ಬಸದಿಯಲ್ಲಿಯೋ ಮನೆಯಲ್ಲಿಯೋ ಇರತಕ್ಕದ್ದು. ವಾಹನದ ನಿಯಮವು ಉಣ್ಣುವ, ದುಡಿಯುವ ಸಾಮಾನ್ಯ ದಿನಗಳಿಗೆ ಸೇರಿದ್ದು. ರೋಗಿ, ಗರ್ಭಿಣಿ, ವೃದ್ಧರ ಮೇಲೆ ಹೇರತಕ್ಕದ್ದಲ್ಲ. ಮನೆಯ ಯಜಮಾನನು ನಿಯಮ ತೆಗೆದುಕೊಂಡು ಸೊಸೆಯನ್ನು ಮಾತ್ರ ನಡೆಸುವುದಂತೂ ಕಪಟ.

ಎರಡು ವ್ರತಗಳು ಪರಸ್ಪರ ಡಿಕ್ಕಿ ಹೊಡೆಯುವ ಸಂದರ್ಭವೂ ಒಂದಿದೆ. ಮೊಳಕಾಲ್ಮೂರಿಗೆ ವ್ಯಾಪಾರಕ್ಕೆ ಹೋದ ಗೃಹಸ್ಥನು ಸೂರ್ಯಾಸ್ತದೊಳಗೆ ಮನೆ ಸೇರಿ ಉಣ್ಣಬೇಕೆಂದು ಸಂಜೆ ಮೋಟಾರು ಸೈಕಲ್ಲನ್ನು ಅತಿವೇಗದಿಂದ ಓಡಿಸುತ್ತಾನೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ರೆಕ್ಕೆ ಬಂದ ಗೆದ್ದಲು ರಸ್ತೆಯ ಮೇಲೆಲ್ಲ ಮೊಗ್ಗರವಾಗಿ ಏಳುವ ಹೊತ್ತೂ ಅದೇ. ರಾತ್ರಿ ಉಂಡರೆ ತಟ್ಟೆಯಲ್ಲಿ ಬೀಳಬಹುದಾದ ಒಂದೆರಡು ಜೀವಿಗಳನ್ನು ಉಳಿಸಲು ದಾರಿಯುದ್ದಕ್ಕೂ ಎಣಿಕೆಗೆ ಸಿಗದಷ್ಟನ್ನು ಮುಖಕ್ಕೂ ದೀಪಕ್ಕೂ ಬಡಿಸಿಕೊಂಡು ಬರುತ್ತಾನೆ. ರಾತ್ರಿಭೋಜನ ತ್ಯಾಗವನ್ನು ಬಿಡುವಂತಿಲ್ಲ. ಅದಕ್ಕಾಗಿ ಈ ವೇಗವನ್ನು ಒಪ್ಪುವಂತೆಯೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಹಗಲಿರುವಾಗಲೇ ಅಲ್ಲಿ ಉಂಡು, ಸಾವಕಾಶವಾಗಿ ಬಸ್ಸಿನಲ್ಲಿ ಹಿಂದಿರುಗುವುದು ಒಂದು ದಾರಿ. ಬುತ್ತಿ ಮರೆತ ದಿನ ಹಸಿದೇ ಮಲಗುವುದು ಇನ್ನೊಂದು. ಬಸ್ಸಿನಲ್ಲಿ ಎಲ್ಲರ ನಡುವೆ ಕುಳಿತು ಉಣ್ಣುವುದು ಶುದ್ಧಿಗೆ ಭಂಗವೆನ್ನುವ ಹಿರಿಯರಿಗೆ, ಬಸ್ಸು ಹತ್ತುವ ಮುಂಚೆಯೇ ಉಣ್ಣಬಹುದೆಂಬುದಷ್ಟೇ ಉತ್ತರ.

ಮುನಿಸಂಘದ ವಿಹಾರದ ಸಮಯವನ್ನೂ ನೋಡಬೇಕು. ಹೆದ್ದಾರಿಯ ಅಂಚಿನಲ್ಲಿ ಪಿಂಛಿ ಕಮಂಡಲು ಹಿಡಿದು ಮಹಾರಾಜರು ಪಾದಚಾರಿಗಳಾಗಿ ಸಾಗುತ್ತಿರುತ್ತಾರೆ; ಅವರ ಹಿಂದೆ ಭಕ್ತರ ಕಾರುಗಳು ಯಂತ್ರವನ್ನು ಆರಿಸದೆ ನಡಿಗೆಯ ವೇಗದಲ್ಲಿ ಸಾಲಾಗಿ ಹೊಗೆ ಬಿಡುತ್ತ ಬರುತ್ತವೆ. ವಿಹಾರಕಾಲದಲ್ಲಿ ಮುನಿಗಳೂ ಆರ್ಯಿಕೆಯರೂ ವಾಹನಾಘಾತಕ್ಕೆ ಗುರಿಯಾದ ವಾರ್ತೆಗಳನ್ನು ಸಮಾಜ ಒಂದಲ್ಲ, ಅನೇಕ ಬಾರಿ ಕೇಳಿದೆ. ಆಹಾರದ ಸಾಮಗ್ರಿಗೆ ಒಂದು ವಾಹನ, ರೋಗಿಗಳಿದ್ದರೆ ಇನ್ನೊಂದು ಸಾಕು. ತರುಣರಲ್ಲಿ ಕೆಲವರು ಕೆಂಪು ಬಟ್ಟೆ ಹಿಡಿದು ಮುಂದೊಬ್ಬರು ಹಿಂದೊಬ್ಬರಾಗಿ ಸೈಕಲ್ಲಿನಲ್ಲಿ ಕಾವಲು ಬರಬಹುದು, ನಡೆಯಬಲ್ಲವರು ನಡೆಯಬಹುದು, ಉಳಿದವರು ಬೆಳಗಿನ ಬಸ್ಸು ಹಿಡಿದು ಮುಂದಿನ ಬೀಡಿನ ಊರಿಗೆ ಮೊದಲೇ ಹೋಗಿ ನೀರು ಕಾಯಿಸಿ ಪಡಗಾಹನೆಗೆ ಸಿದ್ಧರಾಗಿ ನಿಲ್ಲಬಹುದು.