ಬಾಡಿಗೆ ಕೊಟ್ಟು ಬಂದ ಅತಿಥಿ

ಶಿರಸಿಯ ಕಡೆ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿ ನದಿಗೆ ಎಲ್ಲಿಯೂ ಅಣೆಕಟ್ಟು ಇಲ್ಲ. ಅದರ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಇಂದಿಗೂ ತಮ್ಮದೇ ಹಳೆಯ ಲೆಕ್ಕದಲ್ಲಿ ಕೂಡುತ್ತವೆ, ಬೇರೆಯಾಗುತ್ತವೆ. ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ತಾಳಿಕೊಳ್ಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಕೊಯ್ಲಿನ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದು ದಂಟನ್ನು ನೀರಿಗೇ ಬಿಡುತ್ತಾರೆ. ಅದು ಕೊಳೆತು ಮೀನಿಗೂ ಶೆಟ್ಲಿಗೂ ಆಹಾರವಾಗುತ್ತದೆ. 1990ರ ದಶಕದಲ್ಲಿ ಶೆಟ್ಲಿ ಸಾಕಿ ಬೇಗ ದುಡ್ಡು ಮಾಡುವ ಆಸೆ ಈ ಗದ್ದೆಗಳಿಗೂ ಬಂತು, ಅದರ ಹಿಂದೆಯೇ ರೋಗ ಬಂತು. ಶೆಟ್ಲಿ ಸತ್ತವು, ಸಾಲ ಉಳಿಯಿತು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಂತೂ ಕಗ್ಗದಿಂದ ಸಂಸಾರ ಸಾಗುವುದಿಲ್ಲ ಎಂದು ಕಂಡುಕೊಂಡ ಕೆಲವು ಮನೆಗಳವರು ಈಗ ಹೋಂಸ್ಟೇ ಎಂಬ ಹೊಸ ಬೆಳೆಗೆ ಕೈಹಾಕಿದ್ದಾರೆ.

ಹಳೆಯ ಹೆಂಚಿನ ಮನೆಯ ಎರಡು ಕೋಣೆಗಳಿಗೆ ಹೊಸದಾಗಿ ಬಚ್ಚಲು ಜೋಡಿಸಿ, ತೆಂಗಿನ ತೋಟದಿಂದ ಹೊಳೆಯವರೆಗೆ ಒಂದು ದಾರಿ ಸವರಿ, ನೀರಿನಂಚಿಗೆ ಎರಡು ಬೆಂಚು ಹಾಕಿದರೆ ಹೋಂಸ್ಟೇ ತಯಾರು. ಬೆಂಗಳೂರಿನಿಂದಲೂ ಹುಬ್ಬಳ್ಳಿಯಿಂದಲೂ ಜನ ಬರುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಂತೆ ಹೋಂಸ್ಟೇಗೆ ಒಂದರಿಂದ ಆರು ಕೋಣೆಗಳಿರಬಹುದು, ಮತ್ತು ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಸ್ಥಳೀಯರು ತಾವಿರುವ ಮನೆಗಳಲ್ಲಿ ಹೋಂಸ್ಟೇ ನಡೆಸಲು ಅವಕಾಶ ಕೊಟ್ಟಿದೆ. ಮನೆಯವರು ಅಲ್ಲೇ ಇರಬೇಕೆಂಬ ಶರತ್ತು ಯೋಚಿಸುವಂಥದ್ದು. ಮನೆಯವರಿಲ್ಲದ ಮನೆಯಲ್ಲಿ ಕೋಣೆ ಕೊಟ್ಟರೆ ಅದು ಲಾಡ್ಜು. ಹಾಗಾದರೆ ಅತಿಥಿ ದುಡ್ಡು ಕೊಡುವುದು ಮಂಚಕ್ಕೆ ಎನ್ನುವುದಕ್ಕಿಂತ, ಮನೆಯವರು ಮನೆಯಲ್ಲಿರುವುದಕ್ಕೆ ಎನ್ನಬೇಕಾಗುತ್ತದೆ. ಆತಿಥ್ಯವನ್ನು ಹೀಗೆ ಮಾರಬಹುದೇ? ಮಾರಿದ ಮೇಲೂ ಅದು ಆತಿಥ್ಯವೇ?

ಅಂಥ ಒಂದು ಮನೆಯಲ್ಲಿ ನಾವು ಎರಡು ರಾತ್ರಿ ಇದ್ದೆವು. ಹೋದೊಡನೆ ಮನೆಯ ಹಿರಿಯಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟು "ಆಸ್ರಿ ಕುಡೀರಿ" ಎಂದರು. ಉತ್ತರ ಕನ್ನಡದ ಮನೆಗಳಲ್ಲಿ ದಣಿದು ಬಂದವರಿಗೆ ಮೊದಲು ಸಲ್ಲುವುದು ಇದು. ಹೊರಡುವ ದಿನ ಮಗ ಬರೆದುಕೊಟ್ಟ ಚೀಟಿಯಲ್ಲಿ ಕೋಣೆ, ಊಟ, ದೋಣಿ ಎಲ್ಲವೂ ಇದ್ದವು. ಬೆಲ್ಲ, ನೀರು ಬಿಟ್ಟುಹೋಗಿದೆಯಲ್ಲ ಎಂದು ತಮಾಷೆಗೆ ಕೇಳಿದೆವು. "ಅದನ್ನ ಬರೆದ್ರೆ ಅಬ್ಬೆ ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಾಳೆ ಸಾಹೇಬ್ರೆ" ಎಂದು ಅವರು ನಕ್ಕರು.

ಚೀಟಿಗೆ ಬರುವುದು, ಬರದೇ ಇರುವುದು ಎಂಬ ಈ ಗೆರೆಯನ್ನು ಆ ಮನೆಯವರು ಯಾವ ಪುಸ್ತಕ ಓದಿ ಎಳೆದದ್ದಲ್ಲ. ಆದರೆ ದುಡ್ಡು ಮುಟ್ಟಿದೊಡನೆ ಆತಿಥ್ಯ ಮೈಲಿಗೆಯಾಯಿತು ಎನ್ನುವವರಿಗೆ ಅದು ಉತ್ತರವಾಗಿದೆ. ಹಾಗೆ ನೋಡಿದರೆ ಹಳೆಯ ಆತಿಥ್ಯವೂ ಲೆಕ್ಕವಿಲ್ಲದ್ದೇನೂ ಆಗಿರಲಿಲ್ಲ. ಅತಿಥಿಗೆ ವಿಶೇಷ ಸತ್ಕಾರ ಒಂದು ಹಗಲು ಒಂದು ರಾತ್ರಿ, ಆತಿಥ್ಯ ಮೂರು ದಿನ, ಅದರಾಚೆಗಿನದು ದಾನ ಎಂದು ಪ್ರವಾದಿ ಮುಹಮ್ಮದರು(ಸ) ಹೇಳಿದ್ದಾರೆ. ಮನೆಯವರನ್ನು ಕಷ್ಟಕ್ಕೆ ಸಿಕ್ಕಿಸುವಷ್ಟು ದಿನ ತಂಗುವುದು ಅತಿಥಿಗೆ ಸಲ್ಲದು ಎಂದೂ ಹೇಳಿದ್ದಾರೆ. ಉರ್ದುವಿನ ಗಾದೆಗೆ ಅಷ್ಟು ಸೌಜನ್ಯವಿಲ್ಲ: ಏಕ್ ದಿನ್ ಮೆಹಮಾನ್, ದೋ ದಿನ್ ಮೆಹಮಾನ್, ತೀಸ್ರೇ ದಿನ್ ಬಲಾ-ಏ-ಜಾನ್. ಮೂರನೆಯ ದಿನಕ್ಕೆ ಅತಿಥಿ ಜೀವಕ್ಕೆ ಗಂಡಾಂತರ!

ಇನ್ನು ಪುಕ್ಕಟೆ ಆತಿಥ್ಯದ ಖರ್ಚನ್ನು ಭರಿಸುತ್ತಿದ್ದವರು ಯಾರು? ದೀವಾನ್‌ಖಾನೆಯಲ್ಲಿ ಕುಳಿತು ಹೊಗಳಿಸಿಕೊಳ್ಳುತ್ತಿದ್ದುದು ಮನೆಯ ಯಜಮಾನ. ಅತಿಥಿಗಳು ಬಂದ ಸುದ್ದಿ ಒಳಗೆ ತಲುಪಿದೊಡನೆ ಒಲೆಯ ಮುಂದಿನಿಂದ ಏಳಲಾಗದೆ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡು ಮಲಗುತ್ತಿದ್ದುದು ನಮ್ಮ ಅಮ್ಮಂದಿರು. ಮೆಹಮಾನ್ ಬಂದರೆ ಬರಕತ್ ಬರುತ್ತದೆ ಎಂಬ ಮಾತನ್ನು ನಾವು ನಂಬುತ್ತೇವೆ. ಆ ಬರಕತ್ತು ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ಹೆಚ್ಚು ಕಂಡಿಲ್ಲ. ಅಳಿವೆಯಂಚಿನ ಆ ಮನೆಯಲ್ಲಿ ಸೊಸೆ ಬೆಳಿಗ್ಗೆ ಇಳಿತದ ಹೊತ್ತಿಗೆ ಬಳಚು ಆರಿಸಲು ನೀರಿಗೆ ಇಳಿಯುತ್ತಿದ್ದರು. ಬಂದು ಅದನ್ನು ಬೇಯಿಸಿ, ಚಿಪ್ಪು ಬಿಡಿಸಿ, ಕಾಯಿ ತುರಿದು ಪಲ್ಯ ಮಾಡಿ ಹನ್ನೆರಡು ಜನಕ್ಕೆ ಬಡಿಸುತ್ತಿದ್ದರು. ಆ ಕೆಲಸಕ್ಕೆ ಕೊನೆಗೂ ಒಂದು ಬೆಲೆ ಬಂದಿದೆಯಲ್ಲ ಎಂದರೆ ಅದನ್ನು ಅವಮಾನವೆಂದು ನಾವು ಎಣಿಸುವುದಿಲ್ಲ. ಆ ಬೆಲೆ ಅವರ ಕೈಗೆ ಬರುತ್ತದೋ ಗಂಡನ ಖಾತೆಗೆ ಹೋಗುತ್ತದೋ ಎಂಬುದು ಬೇರೆ ಮಾತು. ಅದನ್ನು ಕೇಳುವಷ್ಟು ಸಲಿಗೆ ಎರಡು ದಿನದ ಅತಿಥಿಗೆ ಇರುವುದಿಲ್ಲ.

ದುಡ್ಡಿನ ಪರವಾಗಿ ಇನ್ನೊಂದು ಮಾತೂ ಇದೆ. ನಮ್ಮ ಹಳ್ಳಿಗಳ ಆತಿಥ್ಯ ಬಹುಮಟ್ಟಿಗೆ ತಮ್ಮವರಿಗೆ, ತಮ್ಮ ಜಾತಿಯವರಿಗೆ ಮೀಸಲಾಗಿತ್ತು. ಉಳಿದವರಿಗೆ ಜಗಲಿ, ಅಂಗಳ, ಬೇರೆ ಲೋಟ. ಬಂದವನನ್ನು ಯಾರ ಕಡೆಯವನೆಂದು ವಿಚಾರಿಸದೆ ಮನೆಯ ಮಗನೆಂದು ಕಾಣುವ ಬಸವಣ್ಣನವರ ವಚನ ಎಲ್ಲರಿಗೂ ಬಾಯಿಪಾಠ. ಆದರೆ ಅದನ್ನು ಹಾಡಿದ ಮನೆಗಳಲ್ಲೇ ಎಷ್ಟೋ ಜನ ಅಂಗಳದಲ್ಲಿ ಕುಳಿತು ಉಂಡು ಎದ್ದಿದ್ದಾರೆ. ದುಡ್ಡಿಗೆ ಜಾತಿಯಿಲ್ಲ ಎನ್ನುತ್ತಾರೆ. ಬಾಡಿಗೆ ಕೊಟ್ಟು ಬಂದವನನ್ನು ಒಳಗೆ ಕರೆದು ಮೇಜಿನ ಮುಂದೆ ಕೂರಿಸಲೇಬೇಕು. ಶತಮಾನಗಳ ಸದ್ಗುಣದ ಉಪದೇಶದಿಂದ ಆಗದ ಒಂದು ಕೆಲಸವನ್ನು ಒಂದು ಸಣ್ಣ ಚೀಟಿ ಮಾಡಿತು ಎಂದರೆ ಬೇಸರವಾಗಬಹುದು. ಆದರೆ ಆ ಮೇಜಿನ ಮುಂದೆ ಕುಳಿತವರಿಗೆ ಅದು ಸಣ್ಣ ಸಂಗತಿಯಲ್ಲ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಕೃತಿಯಲ್ಲಿ ಇದಕ್ಕೆ ಹತ್ತಿರದ ಒಂದು ಭೇದ ಮಾಡುತ್ತಾನೆ. ಪರನಾಡಿಗೆ ಬಂದವನನ್ನು ಶತ್ರುವಿನಂತೆ ಕಾಣಬಾರದು, ಅದು ಅವನ ಹಕ್ಕು. ಭೂಮಿ ದುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ದೂರ ಹೋಗುತ್ತಲೇ ಇರಲು ಸಾಧ್ಯವಿಲ್ಲ. ಆದರೆ ಮನೆಯ ಅತಿಥಿಯಾಗಿ ಇರುವುದಕ್ಕೆ ಪ್ರತ್ಯೇಕವಾದ ಒಂದು ಸ್ನೇಹದ ಒಪ್ಪಂದ ಬೇಕು ಎನ್ನುತ್ತಾನೆ. ಹೋಂಸ್ಟೇಯ ಚೀಟಿಯನ್ನು ನಾವು ಅಂಥ ಒಂದು ಒಪ್ಪಂದವೆಂದೇ ತಿಳಿದಿದ್ದೆವು. ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಒಪ್ಪಂದ.

ಎಲ್ಲರೂ ಹಾಗೆ ತಿಳಿದಿಲ್ಲ. ಇದೇ ಕರಾವಳಿಯ ಇನ್ನೊಂದು ಕಡೆ, ಹಿನ್ನೀರಿನ ದಂಡೆಯ ಒಂದು ತೋಟದ ಮನೆಗೆ ಫೋನ್ ಮಾಡಿದ್ದೆವು. ಕೋಣೆ ಇದೆ, ಮೀನಿನ ಊಟ ಬೇಕೋ ಬೇಡವೋ ಎಂಬಲ್ಲಿಯವರೆಗೆ ಮಾತು ಸಲೀಸಾಗಿ ನಡೆಯಿತು. ಹೆಸರು ಹೇಳಿದ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಪುಸ್ತಕ ನೋಡಿ ಹೇಳ್ತೇನೆ". ಕೋಣೆ ತುಂಬಿತ್ತಂತೆ. ಅದೇ ದಿನ ಸಂಜೆ ನಮ್ಮ ಗೆಳೆಯರೊಬ್ಬರು ಅವರದೇ ಹೆಸರಿನಲ್ಲಿ ಕೇಳಿದಾಗ ಎರಡೂ ಕೋಣೆ ಖಾಲಿ ಇದ್ದವು. ಈ ಅನುಭವ ನಮ್ಮ ಓದುಗರಲ್ಲಿ ಹಲವರಿಗೆ ಹೊಸದಲ್ಲ. ಊರು ಬೇರೆ, ಬಾಡಿಗೆ ಮನೆಯೋ ಹಾಸ್ಟೆಲ್ಲೋ ಇರಬಹುದು, ಅಷ್ಟೆ. ಗೆಳೆಯರು ಕೆಣಕಿ ಕೇಳಿದಾಗ ಆ ಮನೆಯವರು ಹೇಳಿದ್ದು: "ಇದು ನಮ್ಮ ಮನೆ. ಯಾರನ್ನು ಒಳಗೆ ಬಿಡಬೇಕು ಅನ್ನೋದು ನಮ್ಮಿಷ್ಟ."

ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮನೆಯೆಂದರೆ ಹಾಗೇ. ಅಲ್ಲಿ ದೇವರ ಕೋಣೆ ಇದೆ, ಹಾಸಿಗೆ ಹಿಡಿದ ಅಜ್ಜ ಇದ್ದಾರೆ, ಓದುವ ಮಕ್ಕಳಿದ್ದಾರೆ. ನಮ್ಮವರೂ ಎರಡು ಕೋಣೆ ಬಾಡಿಗೆಗೆ ಕೊಡುವಾಗ "ನಮ್ಮ ಪೈಕಿಯವರೇ ಆದರೆ ಒಳ್ಳೆಯದು" ಎಂದು ಪಿಸುಗುಟ್ಟುವುದುಂಟು. ಆದರೆ ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ, ಅಂಗಡಿಗೂ ಹೋಟೆಲಿಗೂ ಯಾರನ್ನೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಬರಬೇಡವೆನ್ನುವಂತಿಲ್ಲ ಎಂದು ಹೇಳುತ್ತದೆ. ಹೋಂಸ್ಟೇ ಮನೆಯೋ ಹೋಟೆಲೋ ಎಂದು ವಕೀಲರು ವಾದಿಸಬಹುದು. ನಮ್ಮ ದೃಷ್ಟಿಯಲ್ಲಿ, ರಸ್ತೆಗೆ ಫಲಕ ಹಾಕಿ ಗುರುತಿಲ್ಲದವರನ್ನು ದುಡ್ಡಿಗೆ ಕರೆದ ದಿನವೇ ಆ ಬಾಗಿಲು ಅಷ್ಟರಮಟ್ಟಿಗೆ ಸಾರ್ವಜನಿಕವಾಯಿತು. ಕುಡಿದು ಬರಬೇಡಿ, ಮಾಂಸ ತರಬೇಡಿ, ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ, ಅಡುಗೆಮನೆಗೆ ಕಾಲಿಡಬೇಡಿ ಎಂದು ಮನೆಯವರು ಎಷ್ಟು ಶರತ್ತು ಬೇಕಾದರೂ ಹಾಕಲಿ, ಅವೆಲ್ಲ ನಡತೆಯ ಮಾತು. ಒಪ್ಪದವನು ಬೇರೆಡೆಗೆ ಹೋಗುತ್ತಾನೆ. ಹುಟ್ಟಿನ ಮೇಲೆ ಹಾಕಿದ ಶರತ್ತನ್ನು ಒಪ್ಪುವುದಕ್ಕೆ ಯಾರಿಗೂ ದಾರಿಯೇ ಇಲ್ಲ. ದುಡ್ಡನ್ನೂ ಪಡೆದು ಹೆಸರನ್ನೂ ಜಾಲಿಸುವವನಲ್ಲಿ ಮನೆಯ ಔದಾರ್ಯವೂ ಇಲ್ಲ, ಸಂತೆಯ ನಿಷ್ಪಕ್ಷಪಾತವೂ ಇಲ್ಲ.

ಹೆಸರು ಕೇಳುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಗುರುತಿನ ಚೀಟಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಪರದೇಶದವರಾದರೆ 24 ಗಂಟೆಯೊಳಗೆ ಮಾಹಿತಿ ಸಲ್ಲಿಸಬೇಕು. ಪುಸ್ತಕಕ್ಕಾಗಿ ಕೇಳುವ ಹೆಸರು ಬೇರೆ, ಬಾಗಿಲು ತೆರೆಯುವುದಕ್ಕೆ ಮುಂಚೆ ಕೇಳುವ ಹೆಸರು ಬೇರೆ.

ಪ್ರವಾದಿ ಇಬ್ರಾಹೀಮರ(ಅ) ಮನೆಗೆ ಅಪರಿಚಿತರು ಬಂದ ಪ್ರಸಂಗ ಕುರ್‌ಆನಿನಲ್ಲಿದೆ. ಸಲಾಮಿಗೆ ಸಲಾಮು ಹೇಳಿ, ಸದ್ದಿಲ್ಲದೆ ಒಳಗೆ ಹೋಗಿ ಹುರಿದ ಕರುವಿನ ಮಾಂಸ ತಂದು ಮುಂದಿಟ್ಟರು. ಏನು ತರಲಿ ಎಂದು ಕೇಳಿದರೆ ಬಂದವರು ಸಂಕೋಚದಿಂದ ಬೇಡವೆನ್ನಬಹುದು, ಅದಕ್ಕೇ ಸದ್ದಿಲ್ಲದೆ ಹೋದರು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. 1257ರಲ್ಲಿ ರಚಿತವಾದ 'ಬೂಸ್ತಾನ್'ನಲ್ಲಿ ಶೇಖ್ ಸಾದಿ ಇವರದೇ ಇನ್ನೊಂದು ಕಥೆ ಹೇಳುತ್ತಾರೆ. ಅತಿಥಿಯಿಲ್ಲದೆ ಉಣ್ಣದ ಇಬ್ರಾಹೀಮರು ಒಮ್ಮೆ ನೆರೆತ ಕೂದಲಿನ ಮುದುಕನೊಬ್ಬನನ್ನು ಕರೆತಂದು ಕೂರಿಸಿದರು. ಊಟಕ್ಕೆ ಮುಂಚೆ ಅವನು ಅಲ್ಲಾಹನ ಹೆಸರು ಹೇಳಲಿಲ್ಲ. ಅಗ್ನಿಪೂಜಕ ಎಂದು ತಿಳಿದೊಡನೆ ಎಬ್ಬಿಸಿ ಕಳುಹಿಸಿದರು. ಆಗ ದೇವವಾಣಿಯಾಯಿತು: ನೂರು ವರ್ಷ ನಾನು ಅವನಿಗೆ ಅನ್ನವನ್ನೂ ಆಯುಸ್ಸನ್ನೂ ಕೊಟ್ಟೆ, ನಿನಗೆ ಒಂದು ಗಳಿಗೆ ಅವನನ್ನು ಸಹಿಸಲಾಗಲಿಲ್ಲವೇ? ಮದರಸದಲ್ಲಿ ಈ ಕಥೆ ಕೇಳಿದಾಗ ನಮಗೆ ಆ ಮುದುಕನ ಬಗ್ಗೆ ಕನಿಕರವಾಗುತ್ತಿತ್ತು. ಈಗ ಓದಿದರೆ ಬೇರೆಯೇ ಹೊಳೆಯುತ್ತದೆ. ಅಲ್ಲಿ ಊಟ ಪುಕ್ಕಟೆ. ತನ್ನ ಅನ್ನವನ್ನು ಕೊಡುವವನಿಗೇ ಆ ಹಕ್ಕು ಇಲ್ಲವೆಂದ ಮೇಲೆ, ಅನ್ನದ ದುಡ್ಡು ಎಣಿಸಿಕೊಂಡವನಿಗೆ ಎಲ್ಲಿಂದ ಬರಬೇಕು?

ಇಬ್ರಾಹೀಮರ ಆ ಅತಿಥಿಗಳು ಮಲಕುಗಳು. ಅಲ್ಲಿಂದ ಅವರು ಹೋದದ್ದು ಪ್ರವಾದಿ ಲೂತರ(ಅ) ಮನೆಗೆ. ಊರವರು ಗುಂಪುಗೂಡಿ ಬಾಗಿಲಿಗೆ ಬಂದಾಗ ಲೂತರಲ್ಲಿ ಅವರನ್ನು ತಡೆಯುವ ಬಲವಿರಲಿಲ್ಲ. ಅತಿಥಿಗಳ ವಿಷಯದಲ್ಲಿ ನನ್ನ ಮಾನ ಕಳೆಯಬೇಡಿ ಎಂದು ಗೋಗರೆದರು. ಅತಿಥಿಯ ಮಾನ ಹೋದರೆ ಹೋಗುವುದು ಮನೆಯವನ ಮಾನ ಎಂಬ ತಿಳಿವಳಿಕೆ ಆ ಮೊರೆಯಲ್ಲಿದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲ್ ಬಳಿಯ ಒಂದು ಹೋಂಸ್ಟೇಗೆ ಗುಂಪೊಂದು ನುಗ್ಗಿ, ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆದು ಎಳೆದಾಡಿದ ದೃಶ್ಯಗಳನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಆ ದಿನಗಳಲ್ಲಿ ಹೋಂಸ್ಟೇಗಳಿಗೆ ಪರವಾನಗಿ ಇತ್ತೇ, ಇರಲಿಲ್ಲವೇ ಎಂಬ ಚರ್ಚೆ ಬಹಳ ನಡೆಯಿತು. ಮನೆಯೆಂದು ಹೇಳಿಕೊಳ್ಳುವ ಜಾಗದಲ್ಲಿ ತಂಗಿದವರನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ದುಡ್ಡು ಪಡೆದದ್ದರಿಂದ ಅತಿಥಿಯನ್ನು ಆರಿಸುವ ಹಕ್ಕು ಕಡಿಮೆಯಾಗುತ್ತದೆ. ಕಾಯುವ ಹೊಣೆ ಕಡಿಮೆಯಾಗುವುದಿಲ್ಲ. ಬೆಲ್ಲ ನೀರಿನಂತೆ ಅದೂ ಚೀಟಿಗೆ ಬರದ ಬಾಬತ್ತು.

ದುಡ್ಡು ಕೊಟ್ಟ ಅತಿಥಿಗಳ ಕುರಿತೂ ಹೇಳಬೇಕು. ಕಾಯಿ ತುರಿಯುತ್ತಿದ್ದ ಆ ಹಿರಿಯಮ್ಮನ ಮುಖಕ್ಕೇ ಫೋನು ಹಿಡಿದು "ಅಜ್ಜಿ, ಸ್ವಲ್ಪ ಈ ಕಡೆ ತಿರುಗಿ" ಎನ್ನುತ್ತಿದ್ದ ಒಂದು ಕುಟುಂಬವನ್ನು ನಾವು ಅಲ್ಲಿ ಕಂಡೆವು. ಅವರು ತಿರುಗಿದರು. ಸೆರಗು ಸರಿಮಾಡಿಕೊಂಡು, ಮಗನತ್ತ ಒಮ್ಮೆ ನೋಡಿ, ತಿರುಗಿದರು. ಮನೆಯವರು ಮನೆಯಲ್ಲಿರಬೇಕು ಎಂಬ ನಿಯಮದ ಅರ್ಥ, ಅವರೂ ನೋಟದ ಒಂದು ಭಾಗ ಎಂದಲ್ಲವಷ್ಟೆ. ಹೊರಗೆ ಕಗ್ಗದ ಗದ್ದೆಗೂ ಇದೇ ಗತಿ ಬರುತ್ತಿದೆಯೋ ಏನೋ. ಭತ್ತ ಮಾರಿ ಬರುವುದಕ್ಕಿಂತ ಗದ್ದೆಯನ್ನು ತೋರಿಸಿ ಬರುವುದು ಹೆಚ್ಚಾದರೆ, ಕಟ್ಟೆ ಒಡೆದ ವರ್ಷ ಕೆಸರಿಗಿಳಿದು ಅದನ್ನು ಕಟ್ಟುವವರು ಯಾರು?

ನಮಗೆ ಪರಿಚಯವಿರುವ ಒಂದು ಮುಸ್ಲಿಂ ಕುಟುಂಬವೂ ಹೊಳೆಯಂಚಿನ ತಮ್ಮ ಮನೆಯ ಎರಡು ಕೋಣೆಗಳನ್ನು ಹೀಗೆ ಕೊಡುವ ಯೋಚನೆಯಲ್ಲಿದೆ. ಮನೆಯ ಹಿರಿಯರು ನಮ್ಮನ್ನು ಕೇಳಿದ್ದು ಬಾಡಿಗೆ ಎಷ್ಟಿಡಲಿ ಎಂದಲ್ಲ. "ಎಲ್ಲರಿಗೂ ಕೊಡ್ತೇನೆ ಅಂತಲೇ ಇಟ್ಟುಕೊಳ್ಳಿ ಭಾಯಿ. ನಮ್ಮ ಮನೆಗೆ ಬರುವುದಕ್ಕೆ ಎಲ್ಲರೂ ಒಪ್ಪುತ್ತಾರಾ? ಬಂದವರ ಬಗ್ಗೆ ಊರಲ್ಲಿ ಯಾರಾದರೂ ತಕರಾರು ತೆಗೆದರೆ ನನ್ನ ಪರವಾಗಿ ಯಾರು ನಿಲ್ಲುತ್ತಾರೆ?" ಎಂದು ಕೇಳಿದರು. ಅವರ ಹೆಂಡತಿ ಒಳಗಿನಿಂದಲೇ, ಬಂದ ಮೇಲೆ ನೋಡೋಣ, ಮೊದಲು ಹೆಂಚು ಬದಲಾಯಿಸಿ ಎಂದರು. ಕೆಲಸ ಶುರುವಾಗಿದೆ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕು.