ಅಂಟೂದಿಲ್ರಿ

2014ರ ಜನವರಿ, ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದಾಗಿತ್ತು. ಆದರೆ ನಮ್ಮ ಕಡೆಯವರಿಗೆ ಈ ಜಾತ್ರೆ ತೇರಿಗೆ ಮುಗಿಯೋದಲ್ಲ. ನಾಟಕ ಕಂಪನಿಗಳು ಟೆಂಟ್ ಹೊಡೆದು ವಾರಗಟ್ಟಲೆ ಆಡ್ತಾವೆ, ನಾವು ರಾತ್ರಿಯೆಲ್ಲ ಕೂತು ನೋಡ್ತೀವಿ. ಹಾಗೆ ನಾಟಕ ಮುಗಿಸಿ ಬೆಳಗಿನ ಜಾವ ಗೆಳೆಯರ ಜೊತೆ ಒಂದು ಚಹಾದಂಗಡಿ ಮುಂದೆ ನಿಂತಿದ್ದೆ. ಮುಖ ತೊಳೆಯೋಕೆ ಅಂತ ತುಂಬುತೋಳಿನ ಅಂಗಿಯನ್ನು ಮೊಣಕೈ ಮೇಲೆ ಮಡಚಿದ್ದೆ, ಇಳಿಸೋದು ಮರೆತಿತ್ತು.

ಚಹಾ ಕೊಡೋಕೆ ಬಂದವನ ಕೈ ಅರ್ಧಕ್ಕೇ ನಿಂತಿತು.

"ಏನ್ ಆಗೈತ್ರಿ ಕೈಗೆ?"

"ಸೋರಿಯಾಸಿಸ್ ರೀ."

ಅವನು ಆ ಹೆಸರು ಕೇಳಿರಲಿಲ್ಲ. ಗಾಜಿನ ಲೋಟ ವಾಪಸ್ ಇಟ್ಟು ಪೇಪರ್ ಕಪ್ ತೆಗೆದ. ಗೆಳೆಯರು ನೋಡ್ತಾ ಇದ್ದರು. ನನಗೆ ಮೈಯೆಲ್ಲ ಉರಿದುಹೋಯ್ತು. ಜೋರಾಗಿಯೇ ಅಂದೆ: "ಅಂಟೂದಿಲ್ರಿ ಇದು! ಕುಷ್ಠ ಗಿಷ್ಠ ಅಂತ ತಿಳ್ಕೊಂಡೀರೇನು?"

ಅಂಗಡಿ ಪಕ್ಕದ ಕಲ್ಲಿನ ಮೇಲೆ ಒಬ್ಬ ಅಜ್ಜ ಕೂತಿದ್ದ. ಕೈಲಿ ತನ್ನದೇ ಸ್ಟೀಲ್ ಲೋಟ. ಅದನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದಿದ್ದ, ಯಾಕಂದ್ರೆ ಹಿಡಿಯೋಕೆ ಬೆರಳು ಪೂರ್ತಿ ಇರಲಿಲ್ಲ. ನನ್ನ ಮಾತು ಕೇಳಿ ತಲೆಯೆತ್ತಿ ನೋಡಿದ. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. ಲೋಟ ಹಾಗೇ ಹಿಡಿದುಕೊಂಡು ಎದ್ದ. ಹತ್ತು ಹೆಜ್ಜೆ ಆಚೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂತ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಏನೋ ತಪ್ಪು ಮಾಡಿದೆ ಅಂತ ಆವತ್ತೇ ಅನ್ನಿಸಿತ್ತು. ಆ ತಪ್ಪು ಯಾವುದು ಅಂತ ತಿಳಿಯೋಕೆ ಮಾತ್ರ ಬಹಳ ವರ್ಷ ಹಿಡಿಯಿತು.

ನನ್ನದು ಹುನಗುಂದ ತಾಲೂಕಿನ ಒಂದು ಹಳ್ಳಿ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಿಇ ಎರಡನೇ ವರ್ಷದಲ್ಲಿದ್ದೆ. 2009ನೇ ಇಸವಿ. ತಲೆಯಲ್ಲಿ ಹೊಟ್ಟು ಅಂತ ಶುರುವಾಯ್ತು. ಆಮೇಲೆ ಮೊಣಕೈ, ಮೊಣಕಾಲು, ಬೆನ್ನು. ಕೆಂಪು ಕಲೆ, ಅದರ ಮೇಲೆ ಬೆಳ್ಳಿಬಣ್ಣದ ಪದರ. ಕೆರೆದರೆ ಉದುರುತ್ತೆ, ಇನ್ನೂ ಕೆರೆದರೆ ರಕ್ತ ಚುಕ್ಕೆಚುಕ್ಕೆಯಾಗಿ ಜಿನುಗುತ್ತೆ. ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ಮೊದಲು ಏಳ್ತಿದ್ದೆ. ಓದೋಕಲ್ಲ, ಹಾಸಿಗೆ ಝಾಡಿಸೋಕೆ. ಕರಿ ಅಂಗಿ ಹಾಕೋದು ಬಿಟ್ಟೆ.

ಚರ್ಮದ ಜೀವಕೋಶ ಹುಟ್ಟಿ ಮೇಲೆ ಬಂದು ಉದುರೋಕೆ ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ಆಗಿಬಿಡುತ್ತೆ. ದೇಹದ ರಕ್ಷಣಾ ವ್ಯವಸ್ಥೆ ಇಲ್ಲದ ಶತ್ರುವಿನ ಮೇಲೆ ಯುದ್ಧ ಹೂಡಿ, "ಹೊಸ ಚರ್ಮ ಕಳಿಸು" ಅಂತ ಸಿಗ್ನಲ್ ಕೊಡ್ತಾನೇ ಇರುತ್ತೆ. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ, ನಿಲ್ಲೋ ಕಂಡಿಷನ್ ಬರೆಯದ ಲೂಪ್. ರೋಗಾಣು ಇಲ್ಲ, ಹಾಗಾಗಿ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ, ಹತೋಟಿಯಲ್ಲಿಡುವ ಔಷಧಗಳಿವೆ. ಇದಿಷ್ಟು ಗೊತ್ತಾಗೋಕೆ ನನಗೆ ಐದು ವರ್ಷ ಬೇಕಾಯ್ತು, ಯಾಕಂದ್ರೆ ಆ ಐದು ವರ್ಷ ನಾನು ಕೇಳಿದ್ದು ಚರ್ಮದ ಡಾಕ್ಟರನ್ನು ಬಿಟ್ಟು ಉಳಿದ ಎಲ್ಲರನ್ನು.

ಮೊದಲು ಮೆಡಿಕಲ್ ಶಾಪಿನ ಮುಲಾಮು. ಹತ್ತು ದಿನಕ್ಕೆ ಕಲೆ ಮಾಯ, ಬಿಟ್ಟ ಮೇಲೆ ಎರಡರಷ್ಟು. ಅದು ಸ್ಟೀರಾಯ್ಡ್, ಡಾಕ್ಟರ್ ಹೇಳಿದ ಅಳತೆ ಮೀರಿ ಹಚ್ಚಬಾರದು ಅನ್ನೋದು ಆಗ ಗೊತ್ತಿರಲಿಲ್ಲ. ಅತ್ತಿ ಬಾದಾಮಿಯ ಅಗಸ್ತ್ಯತೀರ್ಥದಲ್ಲಿ ಕೈಕಾಲು ತೊಳೆಸಿದಳು. ಇಳಕಲ್‌ನಲ್ಲಿ ಕ್ಷೌರದವ ನನ್ನ ತಲೆ ನೋಡಿ ಬಾಚಣಿಗೆ ತೆಗೆದಿಟ್ಟು "ಇವತ್ತ ಬ್ಯಾಡ್ರಿ" ಅಂದ. ಅವ್ವ ಮಾತ್ರ ಒಂದೇ ಮಾತು: "ಯಾರಿಗೂ ತೋರಸಬ್ಯಾಡೋ ತಮ್ಮಾ."

ಜಾತ್ರೆ ಆದ ವರ್ಷವೇ ಬೇಸಿಗೆಯಲ್ಲಿ ಯಾರೋ ಒಬ್ಬರ ವಿಳಾಸ ಸಿಕ್ಕಿತು. ನಾಟಿ ಔಷಧ ಅಂದ್ರು, ಪುಡಿ ಪೊಟ್ಟಣ ಕಟ್ಟಿಕೊಟ್ಟರು. ಎರಡು ತಿಂಗಳಲ್ಲಿ ಮೈ ಹಾಲಿನಂಗಾಯ್ತು. ಅರ್ಧತೋಳಿನ ಅಂಗಿ ಐದು ಕೊಂಡೆ. ಪುಡಿ ಖಾಲಿಯಾಯ್ತು, ಕೆಲಸದ ಗಡಿಬಿಡಿಯಲ್ಲಿ ಹೋಗಿ ತರಲಿಲ್ಲ. ಹದಿನೈದು ದಿನದೊಳಗೆ ತಲೆಯಿಂದ ಪಾದದವರೆಗೆ ಮೈ ಕೆಂಪಾಗಿ ಸುಲಿಯತೊಡಗಿತು. ಉರಿಬಿಸಿಲಲ್ಲಿ ಚಳಿ, ಕಾಲು ಬಾವು. ಅಪ್ಪ ನನ್ನನ್ನು ಬಾಗಲಕೋಟೆಗೆ ಒಯ್ದು ಅಡ್ಮಿಟ್ ಮಾಡಿದ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಪುಡಿ ಏನರ ತಗೊಂತಿದ್ರೇನು?" ಸ್ಟೀರಾಯ್ಡ್ ಬೆರೆಸಿದ ಪುಡಿ ಇರಬಹುದು, ಒಮ್ಮೆಲೇ ನಿಲ್ಲಿಸಿದ್ದಕ್ಕೆ ಹೀಗಾಗಿದೆ ಅಂದರು. ಮೈಪೂರ್ತಿ ಕೆಂಪಾಗುವ ಈ ಸ್ಥಿತಿಯಲ್ಲಿ ಚರ್ಮ ನೀರು, ಶಾಖ ಎರಡನ್ನೂ ಹಿಡಿದಿಡಲ್ಲ. ಜೀವಕ್ಕೇ ಅಪಾಯ. ಹನ್ನೊಂದು ದಿನ ಇದ್ದೆ.

ಅಲ್ಲಿಂದ ಮುಂದೆ ನಿಜವಾದ ಚಿಕಿತ್ಸೆ. ಮೆಥೊಟ್ರೆಕ್ಸೇಟ್ ಮಾತ್ರೆ, ವಾರಕ್ಕೆ ಒಂದೇ ದಿನ. ಡಾಕ್ಟರ್ ಚೀಟಿ ಮೇಲೆ "ಸೋಮವಾರ" ಅಂತ ಕನ್ನಡದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಇದನ್ನು ತಪ್ಪಿ ದಿನಾ ನುಂಗಿದರೆ ಮೂಳೆಯೊಳಗೆ ರಕ್ತ ಹುಟ್ಟೋದೇ ನಿಂತುಹೋಗಬಹುದು. ಜೊತೆಗೆ ಬೇರೆ ದಿನ ಫೋಲಿಕ್ ಆ್ಯಸಿಡ್, ಆಗಾಗ ಲಿವರ್ ಮತ್ತು ರಕ್ತದ ಟೆಸ್ಟ್. ಹೆಂಡ ಮುಟ್ಟಂಗಿಲ್ಲ. ಬೆಂಗಳೂರಿನ ಗೆಳೆಯರು ವೀಕೆಂಡಿಗೆ ಕರೆದರೆ, "ನಮ್ಮ ಇಳಕಲ್ಲ ಮಹಾಂತಪ್ಪಗೋಳ ಜೋಳಿಗಿಗೆ ಹಾಕೀನಿ" ಅಂತಿದ್ದೆ. ಇಳಕಲ್ ಮಠದ ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ನಗೋಕೆ ಒಂದು ನೆಪ ಆಗ್ತಿತ್ತು, ಕಾರಣ ಹೇಳೋದು ತಪ್ಪುತ್ತಿತ್ತು.

ನಾಲ್ಕು ವರ್ಷಕ್ಕೆ ಲಿವರ್ ಟೆಸ್ಟ್ ಏರಿತು, ಮಾತ್ರೆ ನಿಂತಿತು. ಆಮೇಲೆ ಬೆಳಕಿನ ಚಿಕಿತ್ಸೆ. ಟೆಲಿಫೋನ್ ಬೂತಿನಂಥ ಪೆಟ್ಟಿಗೆಯಲ್ಲಿ ಕಪ್ಪು ಕನ್ನಡಕ ಹಾಕಿ ನಿಲ್ಲಬೇಕು, ಸುತ್ತ ಟ್ಯೂಬ್‌ಲೈಟು, 311 ನ್ಯಾನೋಮೀಟರಿನ ನೇರಳಾತೀತ ಬೆಳಕು. ವಾರಕ್ಕೆ ಮೂರು ದಿನ, ಸೆಕೆಂಡ್ ಲೆಕ್ಕದಲ್ಲಿ ಏರಿಸ್ತಾ ಹೋಗ್ತಾರೆ. ಕೆಲಸ ಮಾಡ್ತು, ಆದರೆ ಬೆಂಗಳೂರು ಟ್ರಾಫಿಕ್ ದಾಟಿ ಆಫೀಸು ಮುಗಿಸಿ ಹೋಗೋದು ಎಷ್ಟು ದಿನ ನಡೆದೀತು?

ಆಗ ಉಳಿದಿದ್ದು ಬಯಾಲಜಿಕ್ ಇಂಜೆಕ್ಷನ್. ಇಡೀ ರಕ್ಷಣಾ ವ್ಯವಸ್ಥೆಯನ್ನು ಹತ್ತಿಕ್ಕದೆ, ತಪ್ಪು ಸಿಗ್ನಲ್ ಸಾಗಿಸುವ ಒಂದೇ ಕೊಂಡಿಯನ್ನು ಹಿಡಿದು ಕಟ್ಟಿಹಾಕುವ ಔಷಧಗಳಿವು. ಬೆಂಗಳೂರಿನ ಬಯೋಕಾನ್ 2013ರಲ್ಲೇ ಇಟೊಲಿಜುಮ್ಯಾಬ್ ಅನ್ನುವಂಥದ್ದೊಂದನ್ನು ಸೋರಿಯಾಸಿಸ್‌ಗೆ ಬಿಡುಗಡೆ ಮಾಡಿತ್ತು. ನನಗೆ 2022ರಲ್ಲಿ ಕೊಟ್ಟದ್ದು ಸೆಕುಕಿನುಮ್ಯಾಬ್. ಶುರುವಿಗೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಬೆಲೆ ಕೇಳಿ ಅಪ್ಪ ಮನಸ್ಸಲ್ಲೇ ಕಡಲೆ ಚೀಲದ ಲೆಕ್ಕ ಹಾಕಿದ್ದು ಮುಖದ ಮೇಲೆ ಕಾಣ್ತಿತ್ತು. ನನ್ನ ಸಂಬಳಕ್ಕೂ ಅದು ಭಾರವೇ. ಆದರೆ ಮೂರು ತಿಂಗಳಿಗೆ ಎಡ ಮೊಣಕೈ ಮೇಲಿನ ರೂಪಾಯಿ ಅಗಲದ ಒಂದು ಕಲೆ ಬಿಟ್ಟು ಮೈ ಪೂರ್ತಿ ತಿಳಿಯಾಯ್ತು.

ಇನ್ನು ಜಾತ್ರೆಯ ಮಾತಿಗೆ ಬರ್ತೀನಿ.

ಬೆಳಕಿನ ಚಿಕಿತ್ಸೆ ನಡೆಯುತ್ತಿದ್ದಾಗ, 2018ರಲ್ಲಿ, ಇಳಕಲ್‌ಗೆ ಒಂದು ಹೆಣ್ಣು ನೋಡೋಕೆ ಹೋಗಿದ್ವಿ. ಮುಚ್ಚಿಡಬಾರದು ಅಂತ ತೀರ್ಮಾನ ಮಾಡಿದ್ದೆ. ಮಾಳಿಗೆ ಮೇಲೆ ಇಬ್ಬರನ್ನೇ ಕೂರಿಸಿದಾಗ ತೋಳು ಮಡಚಿ ತೋರಿಸಿದೆ. ಹಳೇ ಪಾಠ ಒಪ್ಪಿಸಿದೆ: ಅಂಟೂದಿಲ್ಲ, ಕುಷ್ಠ ಅಲ್ಲ, ತೊನ್ನೂ ಅಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಇದೆ ಅಂತಲೂ ಹೇಳಿದೆ. ಆಕೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಅಂಟತಿದ್ರ ಏನ್ ಮಾಡ್ತಿದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಂಬಂಧ ಕೂಡಿಬರಲಿಲ್ಲ, ಹಿರಿಯರು ಜಾತಕ ಅಂದರು. ಪ್ರಶ್ನೆ ಮಾತ್ರ ನನ್ನ ಜೊತೆಗೇ ಬೆಂಗಳೂರಿಗೆ ಬಂತು.

ಯೋಚನೆ ಮಾಡಿ ನೋಡಿ. "ನನ್ನದು ಅಂಟೋದಿಲ್ಲ, ಅದಕ್ಕೇ ನನ್ನನ್ನು ದೂರ ಇಡಬೇಡಿ" ಅಂದಾಗ ನಾನು ಒಂದು ನಿಯಮವನ್ನು ಒಪ್ಪಿಕೊಂಡೇ ಮಾತಾಡ್ತಿದ್ದೀನಿ: ಅಂಟುವ ರೋಗ ಇದ್ದವನನ್ನು ಹೀಗಳೆಯೋದು ಸರಿ. ನನ್ನ ತಕರಾರು ನಿಯಮದ ಮೇಲಲ್ಲ, ಪಟ್ಟಿಯಲ್ಲಿ ನನ್ನ ಹೆಸರಿರೋದರ ಮೇಲೆ. ನನ್ನ ಹೆಸರು ತೆಗೆಸಿಕೊಳ್ಳೋಕೆ ಆ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

ಇನ್ನೂ ತಮಾಷೆ ಏನಂದ್ರೆ, ಆ ಅಜ್ಜನಿಗೂ ನನಗೂ ಚರಿತ್ರೆ ಒಂದೇ. ಸೋರಿಯಾಸಿಸ್ಸನ್ನು ಶತಮಾನಗಳ ಕಾಲ ಕುಷ್ಠದ ಜೊತೆಗೇ ಕಲಸಿಟ್ಟಿದ್ದರು. ಎರಡೂ ಬೇರೆಬೇರೆ ಅಂತ ವಿಯೆನ್ನಾದ ವೈದ್ಯ ಫರ್ಡಿನಾಂಡ್ ಫಾನ್ ಹೆಬ್ರಾ ಖಚಿತವಾಗಿ ವಿಂಗಡಿಸಿದ್ದು 1841ರಲ್ಲಿ. ನಾನು ಅದಕ್ಕಿಂತ ಹಿಂದೆ ಹುಟ್ಟಿದ್ದರೆ ಅದೇ ಕಲ್ಲಿನ ಮೇಲೆ ಅವನ ಪಕ್ಕ ಕೂತಿರಬೇಕಿತ್ತು. ಈಗ ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಮಾತ್ರೆ ಇದೆ, ಆರು ಅಥವಾ ಹನ್ನೆರಡು ತಿಂಗಳ ಕೋರ್ಸ್. ಮಾತ್ರೆ ಶುರುವಾದ ಮೇಲೆ ಬೇಗನೇ ಅದು ಹರಡೋದು ನಿಲ್ಲುತ್ತೆ, ಕೋರ್ಸ್ ಮುಗಿದರೆ ರೋಗ ಗುಣವಾಗುತ್ತೆ. ನನ್ನದು ಗುಣವಾಗೋದಿಲ್ಲ. ಆದರೂ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿ ಇತ್ತು, ತೆಗೆದುಹಾಕಿದ್ದು 2019ರಲ್ಲಿ. ಅಂದರೆ ಆ ಅಜ್ಜನ ರೋಗವೂ ಆವತ್ತು ಯಾರಿಗೂ ಅಂಟುವಂತಿರಲಿಲ್ಲವೇನೋ. ಅವನ ಬೆರಳು ಮಾತ್ರ ವಾಪಸ್ ಬಂದಿರಲಿಲ್ಲ.

ಹಾಗಾದ್ರೆ ಅಂಟುವ ರೋಗ ಬಂದವರಿಂದ ದೂರ ಇರೋದು ತಪ್ಪಾ? ಇದಕ್ಕೆ ಉತ್ತರ ಕೊಟ್ಟಿದ್ದು ಕೊರೊನಾ. 2021ರ ಎರಡನೇ ಅಲೆಯಲ್ಲಿ ಊರಿಂದ ಕೆಲಸ ಮಾಡ್ತಿದ್ದೆ, ಪಾಸಿಟಿವ್ ಬಂತು. ಹತ್ತು ದಿನ ಒಂದೇ ಕೋಣೆ. ಅವ್ವ ರೊಟ್ಟಿ ಪಲ್ಯ ಬಾಗಿಲಾಚೆ ಇಟ್ಟು, ದೂರ ನಿಂತು "ಉಂಡೇನೋ ತಮ್ಮಾ?" ಅಂತ ಕೂಗ್ತಿದ್ಳು. ಹನ್ನೊಂದನೇ ದಿನ ಅವಳ ಪಕ್ಕ ಕೂತು ಉಂಡೆ. ಆ ದೂರ ನನಗೆ ಒಂದು ಕ್ಷಣವೂ ಅವಮಾನ ಅನ್ನಿಸಲಿಲ್ಲ. ಎಷ್ಟು ದೂರ, ಎಷ್ಟು ದಿನ ಅಂತ ಲೆಕ್ಕ ಇತ್ತು. ಹೀಗಳೆಯೋದಕ್ಕೆ ಅಂಥ ಲೆಕ್ಕ ಇರಲ್ಲ, ಅದು ಯಾವತ್ತೂ ಮುಗಿಯಲ್ಲ.

ಇನ್ನೊಂದು ಗಮನಿಸಿದೆ. ನನಗೆ ಕೊರೊನಾ ಬಂದದ್ದನ್ನು ಅವ್ವ ಓಣಿಗೆಲ್ಲ ತಾನೇ ಹೇಳಿದಳು, ಯಾರೂ ಹತ್ತಿರ ಬರದಿರಲಿ ಅಂತ. ಸೋರಿಯಾಸಿಸ್ಸನ್ನು ಮಾತ್ರ ಹನ್ನೆರಡು ವರ್ಷದಿಂದ ಮುಚ್ಚಿಟ್ಟಿದ್ದಳು. ಅಂಟುವ ರೋಗವನ್ನು ಸಾರಿ ಹೇಳೋಕೆ ನಾಚಿಕೆ ಇಲ್ಲ, ಅಂಟದ್ದಕ್ಕೆ ನಾಚಿಕೆ! ಹಂಗಿದ್ರೆ ನಾಚಿಕೆಗೂ ಅಂಟೋದಕ್ಕೂ ಸಂಬಂಧವೇ ಇಲ್ಲ. "ಅಂಟೋದಿಲ್ಲ" ಅಂತ ಎಷ್ಟು ಸಲ ಕೂಗಿದರೂ ನನ್ನ ನಾಚಿಕೆ ಯಾಕೆ ಹೋಗಲಿಲ್ಲ ಅಂತ ಆಗ ಅರ್ಥವಾಯ್ತು.

ಹಾಗಂತ "ಅಂಟೋದಿಲ್ಲ" ಅನ್ನೋದನ್ನು ಬಿಡಬೇಕು ಅಂತಲ್ಲ. ಹೇಳಲೇಬೇಕು. ಶಾಲೆಯಲ್ಲಿ ಒಂದು ಮಗುವನ್ನು ಬೇರೆ ಬೆಂಚಿಗೆ ಕೂರಿಸಿದರೆ, ಸಲೂನಿನಲ್ಲಿ ಎಬ್ಬಿಸಿ ಕಳಿಸಿದರೆ, ಆ ಮಾಹಿತಿ ಬೇಕು. ಚಹಾದಂಗಡಿಯವನಿಗೂ ಗೊತ್ತಿರಲಿಲ್ಲ, ಅಷ್ಟೇ. ಕೇಳಿದ್ದಕ್ಕೆ ಸಮಾಧಾನದಿಂದ ಹೇಳಿದ್ದರೆ ಸಾಕಿತ್ತು. ಹೇಳಿ ಅಲ್ಲಿಗೇ ನಿಲ್ಲಿಸಬೇಕಿತ್ತು.

ಈಗ ನನ್ನ ಮೈ ನೋಡಿ ಯಾರೂ ಏನೂ ಕೇಳಲ್ಲ. ಹಾಗಾಗಿ ಪಾಠ ಕಲಿತೆ ಅಂದುಕೊಂಡಿದ್ದೆ. ಹೋದ ಯುಗಾದಿ ಮುಗಿಸಿ ಇಳಕಲ್‌ನಿಂದ ರಾತ್ರಿ ಬಸ್ ಹತ್ತಿದೆ. ಪಕ್ಕದ ಸೀಟಿಗೆ ಒಬ್ಬ ಹುಡುಗ ಬಂದು ಕೂತ, ಇಪ್ಪತ್ತರ ಆಸುಪಾಸು. ಅವನ ಮೊಣಕೈ ನನ್ನ ತೋಳಿಗೆ ತಾಕಿತು. ಕೆಂಪು ಕಲೆ, ಬೆಳ್ಳಿ ಪದರ. ನನ್ನ ತೋಳು ತಾನಾಗೇ ಒಂದಿಂಚು ಹಿಂದೆ ಸರಿಯಿತು.

ಹದಿನೈದು ವರ್ಷ ಅದೇ ರೋಗ ಹೊತ್ತ ತೋಳು!

ಅವನಿಗೆ ಗೊತ್ತಾಯ್ತು. ನಮಗೆ ಗೊತ್ತಾಗುತ್ತೆ, ಆ ಒಂದಿಂಚನ್ನು ನಾವು ಯಾವ ಕತ್ತಲಲ್ಲೂ ಅಳೀತೀವಿ. ಅವನು ತೋಳು ಇಳಿಸಿ ಗುಂಡಿ ಹಾಕಿಕೊಳ್ಳತೊಡಗಿದ. ನಾನು ನನ್ನ ಎಡ ತೋಳು ಮಡಚಿ ಆ ರೂಪಾಯಿ ಅಗಲದ ಕಲೆ ತೋರಿಸಿದೆ.

"ನಿಮಗೂ ಐತೇನ್ರಿ ಅಣ್ಣಾ?" ಅಂದ. ಆಮೇಲೆ, "ಏನ್ ತಗೊಂತೀರಿ?"

ಹೊಸಪೇಟೆ ಬರೋವರೆಗೂ ಮಾತಾಡಿದ್ವಿ. ಪುಡಿ ಪೊಟ್ಟಣದ ಕತೆ ಹೇಳಿದೆ. ಚರ್ಮದ ಡಾಕ್ಟರನ್ನೇ ನೋಡು, ಮುಂಜಾನೆ ಎದ್ದಾಗ ಬೆರಳ ಸಂದು ಹಿಡಿದರೆ ಅದನ್ನೂ ಹೇಳು, ಸೋಮವಾರದ ಮಾತ್ರೆ ಸೋಮವಾರಕ್ಕೇ ನುಂಗು ಅಂದೆ. ಅವನು ಮೊಬೈಲಲ್ಲಿ ಬರೆದುಕೊಂಡ. ಹಾಸ್ಟೆಲ್‌ನಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳಲಿ ಅಂತ ಕೇಳಿದ.

"ಸೋರಿಯಾಸಿಸ್ ಅನ್ನು, ಔಷಧ ನಡದೈತಿ ಅನ್ನು. ಅಂಟತೈತೇನು ಅಂತ ಕೇಳಿದ್ರ ಇಲ್ಲ ಅನ್ನು," ಅಂದೆ.

"ಅಷ್ಟ ಸಾಕೇನ್ರಿ?"

"ಅಷ್ಟ ಸಾಕು."